ರಾಜಕುಮಾರನ ಬದಲಿಗೆ ಹೋದವಳು

ಮೊದಲೇ ಹೇಳಿಬಿಡುತ್ತೇನೆ. ರಾಜಕುಮಾರನಾಗಬೇಕೆಂಬ ಆಸೆ ನನಗೆ ಎಂದೂ ಇರಲಿಲ್ಲ. ಆ ವೇಷ ನನ್ನ ಮೈಮೇಲೆ ಬಂದದ್ದು ವಿಷಮಜ್ವರದಿಂದ. ಒಂಬತ್ತನೆಯ ತರಗತಿಯಲ್ಲಿ ಮಳೆಗಾಲವಿಡೀ ಹಾಸಿಗೆ ಹಿಡಿದು ಎದ್ದೆ. ತಲೆಗೆ ಬಾಚಣಿಗೆ ಇಟ್ಟರೆ ಕೂದಲು ಹಿಡಿಹಿಡಿಯಾಗಿ ಕಿತ್ತು ಬರುತ್ತಿತ್ತು. ಅವ್ವ ಒಂದಷ್ಟು ಅತ್ತು, ದೇವರಿಗೆ ಒಂದಷ್ಟು ಬೈದು, ಕೊನೆಗೆ ತಾನೇ ಕತ್ತರಿ ಹಿಡಿದು ಕಿವಿಯ ಮಟ್ಟಕ್ಕೆ ಕತ್ತರಿಸಿದಳು. ಆ ವರ್ಷದ ಗಣಪತಿ ಹಬ್ಬಕ್ಕೆ ಪುಣೆಯ ಹತ್ತಿರದ ನಿಗಡಿಯ ನಮ್ಮ ಕಾಲೋನಿಯ ಮಂಡಳದವರು ಹುಡುಗಿಯರಿಂದ ಒಂದು ಮರಾಠಿ ನಾಟಕ ಆಡಿಸಿದರು. ರಾಜಕುಮಾರ ಯಾರಾಗಬೇಕು ಎಂದು ಕೇಳುವ ಪ್ರಮೇಯವೇ ಬರಲಿಲ್ಲ. ನನ್ನ ತಲೆಯ ಕಡೆಗೆ ಎಲ್ಲರೂ ಒಮ್ಮೆಲೇ ಕೈ ತೋರಿಸಿದರು.

ರಾಜಕುಮಾರಿ ಅವಳು. ನಮ್ಮ ಕಟ್ಟಡದಿಂದ ಎರಡು ಕಟ್ಟಡ ಆಚೆ ಅವಳ ಮನೆ. ಅವಳ ಅಪ್ಪ ಬೆಳಗಾವಿ ಕಡೆಯವರು, ಬ್ಯಾಂಕಿನಲ್ಲಿದ್ದರು. ನನ್ನಪ್ಪ ಧಾರವಾಡದ ಹತ್ತಿರದವರು, ಭೋಸರಿಯ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮನೆಯ ಹೊಸ್ತಿಲೊಳಗೆ ಕನ್ನಡ, ಮೆಟ್ಟಿಲು ಇಳಿದರೆ ಮರಾಠಿ. ನಮ್ಮ ತರಗತಿಯಲ್ಲಿ ಕನ್ನಡ ಗೊತ್ತಿದ್ದವರು ನಾವಿಬ್ಬರೇ. ನಲವತ್ತು ಹುಡುಗಿಯರ ನಡುವೆ ಕೂತು ಟೀಚರ ಸೀರೆಯನ್ನು ಗಟ್ಟಿಯಾಗಿಯೇ ಆಡಿಕೊಳ್ಳುವ ಸುಖ ನಮಗಿಬ್ಬರಿಗೆ ಮಾತ್ರ ಇತ್ತು. ಗೆಳೆತನ ಬೆಳೆಯಲು ಅಷ್ಟು ಸಾಕಾಗಿತ್ತು.

ನಾಟಕದ ದಿನ ನನಗೆ ಕಾಡಿಗೆಯಲ್ಲಿ ಮೀಸೆ ಬರೆದು, ಅಪ್ಪನ ಮದುವೆಯ ಪೇಟ ಸುತ್ತಿದರು. ಕೊನೆಯ ದೃಶ್ಯದಲ್ಲಿ ನಾನು ಅವಳ ಕೊರಳಿಗೆ ಮಾಲೆ ಹಾಕಿದಾಗ ಮುಂದಿನ ಸಾಲಿನ ಅಜ್ಜಿಯರು ನಿಜವಾದ ಅಕ್ಷತೆ ಎರಚಿದರು. ಅವ್ವ ಮನೆಗೆ ಕರೆತಂದು ದೃಷ್ಟಿ ತೆಗೆದಳು. "ಎಷ್ಟ ಚಂದ ಗಂಡಸ ಆಗಿದ್ದೀವಾ ನೀ!" ಎಂದಳು. ಈ ವಿಷಯದಲ್ಲಿ ನಮ್ಮ ಜನ ಬಹಳ ಉದಾರಿಗಳು. ಇಬ್ಬರು ಹುಡುಗಿಯರು ನಾಲ್ಕು ಜನರ ಎದುರಿಗೆ ಕೈಕೈ ಹಿಡಿದು ಮದುವೆಯಾದರೆ ಚಪ್ಪಾಳೆ ತಟ್ಟುತ್ತಾರೆ. ಒಬ್ಬಳಿಗೆ ಮೀಸೆ ಇರಬೇಕು, ಅಷ್ಟೇ ಅವರ ಕರಾರು.

ಚಿತ್ರಕಥೆಗಳ ಹುಚ್ಚು ಹತ್ತಿದ್ದು ಆಮೇಲೆ. ಪುಣೆ ಕ್ಯಾಂಪಿನ ಒಂದು ಗೋಡೆಯ ಬದಿಗೆ ಹಳೆಯ ಪುಸ್ತಕ ಗುಡ್ಡೆ ಹಾಕಿಕೊಂಡು ಕೂರುವವನಿದ್ದ. ಹೆಣಿಗೆಯ ಪುಸ್ತಕ, ಹಳೆಯ ಗೈಡು, ಹರಿದ ಅಟ್ಲಾಸುಗಳ ನಡುವೆ ಅವನಲ್ಲಿ ಹುಡುಗಿಯರಿಗೆಂದೇ ಇರುವ ವಿದೇಶಿ ಚಿತ್ರಕಥೆಯ ವಾರಪತ್ರಿಕೆಗಳೂ ಬರುತ್ತಿದ್ದವು. ಯಾವ ದೊಡ್ಡವರ ಮನೆಯ ರದ್ದಿಯಿಂದ ಬರುತ್ತಿದ್ದವೋ ಗೊತ್ತಿಲ್ಲ. ಕೋಟೆ, ಕುದುರೆ, ಗುಲಾಬಿ ಬಳ್ಳಿ ಹಬ್ಬಿದ ಮಹಡಿ, ಅದರ ಕೆಳಗೆ ಮೊಣಕಾಲೂರಿದ ರಾಜಕುಮಾರ. ನಮ್ಮ ಇಂಗ್ಲಿಷು ಅಷ್ಟಕ್ಕಷ್ಟೇ. ಅವಳದು ನನಗಿಂತ ಕಡಿಮೆ. ಹಾಗಾಗಿ ತಾರಸಿಯ ಮೇಲೆ, ನೀರಿನ ಟಾಕಿಯ ಹಿಂದಿನ ನೆರಳಿನಲ್ಲಿ ಕೂತು ನಾನು ಓದಿ ಕನ್ನಡದಲ್ಲಿ ಹೇಳಬೇಕು, ಅವಳು ಚಿತ್ರ ನೋಡುತ್ತಾ ಕೇಳಬೇಕು. ಮೊದಮೊದಲು ನಾನು "ಎಲೈ ಸುಂದರಿಯೇ" ಎಂದು ಪಠ್ಯಪುಸ್ತಕದ ಧಾಟಿಯಲ್ಲಿ ಶುರು ಮಾಡುತ್ತಿದ್ದೆ. ಅವಳು ನನ್ನ ತೊಡೆಗೆ ಹೊಡೆದು, "ಹಂಗ ಬ್ಯಾಡ, ನಮ್ಮಂಗ ಮಾತಾಡು" ಎನ್ನುತ್ತಿದ್ದಳು. ಆಗ ರಾಜಕುಮಾರ ಮಹಡಿಯ ಕೆಳಗೆ ನಿಂತು, "ಬರ್ತೀಯೋ ಇಲ್ಲೋ? ಕುದುರಿ ನಿಂತ ನಿಂತ ಸಾಕಾಗೇದ" ಎನ್ನುತ್ತಿದ್ದ. ಅವಳು ಟಾಕಿಗೆ ಒರಗಿ ನಗುತ್ತಿದ್ದಳು. ಆ ನಗುವಿಗಾಗಿ ನಾನು ಎಂಥ ಪೆದ್ದು ಕಥೆಯನ್ನಾದರೂ ಓದುತ್ತಿದ್ದೆ.

ಕಥೆಗಳು ಪೆದ್ದೇ, ಅನುಮಾನವಿಲ್ಲ. ಗೋಡೆ ಹಾರುವುದು, ಕತ್ತಿ ಹಿರಿಯುವುದು, ಹೊಳೆ ಈಸುವುದು ಎಲ್ಲ ಅವನ ಪಾಲು. ಅವಳ ಪಾಲಿಗೆ ಬರೀ ಕಣ್ಣು. ಪುಟಕ್ಕೆ ಮೂರು ಸಲ ಕಣ್ಣು ಬರೆದು, ಒಳಗೆ ಎರಡು ಚುಕ್ಕೆ ಇಟ್ಟು, ಅಂಚಿಗೆ ಒಂದು ಹನಿ ನೀರು ನಿಲ್ಲಿಸಿದರೆ ಚಿತ್ರಗಾರನ ಕೆಲಸ ಮುಗಿಯಿತು. ನನಗೆ ಸಿಟ್ಟು ತರಿಸುತ್ತಿದ್ದದ್ದು ಇನ್ನೊಂದು. ಎರಡು ಹೆಣ್ಣು ಒಂದೇ ಚೌಕಟ್ಟಿನಲ್ಲಿ ಬಂದರೆ ಒಬ್ಬಳ ಕೈಯಲ್ಲಿ ವಿಷ ಇರಲೇಬೇಕು. ಇಲ್ಲದಿದ್ದರೆ ಒಬ್ಬಳು ದಾಸಿಯಾಗಿರಬೇಕು. ಸುಮ್ಮನೆ ಒಬ್ಬರನ್ನೊಬ್ಬರು ನೋಡುತ್ತಾ ಕೂತ ಎರಡು ಹೆಣ್ಣುಗಳ ಒಂದು ಚಿತ್ರಕ್ಕಾಗಿ ನಾನು ಆ ಗುಡ್ಡೆಯನ್ನೆಲ್ಲ ತಿರುವಿ ಹಾಕಿದ್ದೇನೆ. ಅವಳಿಗೆ ಈ ಕೊರತೆ ಕಾಣುತ್ತಲೇ ಇರಲಿಲ್ಲ. ಅವಳು ಆ ಕಣ್ಣುಗಳನ್ನು ನೋಡಿ ನೋಡಿ, ಕನ್ನಡಿಯ ಮುಂದೆ ಅಭ್ಯಾಸ ಮಾಡಿ, ಆಮೇಲೆ ನನ್ನ ಮೇಲೆ ಪ್ರಯೋಗಿಸುತ್ತಿದ್ದಳು. ಅವು ನನ್ನ ಮೇಲೆ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು.

ಅದರಲ್ಲೊಂದು ಕಥೆ ಮಾತ್ರ ಬೇರೆ ಥರ ಇತ್ತು. ಮದುವೆಗೆ ಹೆಣ್ಣು ನೋಡಿಬರಲು ಹೊರಡಬೇಕಾದ ರಾಜಕುಮಾರ ಕಾಯಿಲೆ ಬೀಳುತ್ತಾನೆ. ಅವನ ಬಟ್ಟೆ ತೊಟ್ಟು, ಕುದುರೆ ಹತ್ತಿ, ಅವನ ಬದಲಿಗೆ ಒಬ್ಬ ಹುಡುಗಿ ಹೋಗುತ್ತಾಳೆ. ಆ ಕಡೆಯ ರಾಜಕುಮಾರಿಗೆ ಈ ಹುಡುಗಿಯ ಮೇಲೆಯೇ ಮನಸ್ಸಾಗುತ್ತದೆ. ಅಪ್ಪನ ಕಾರ್ಖಾನೆಯಲ್ಲಿ ಕಾಯಂ ಕೆಲಸಗಾರ ರಜೆ ಹಾಕಿದ ದಿನ ಅವನ ಯಂತ್ರಕ್ಕೆ ಬೇರೊಬ್ಬನನ್ನು ನಿಲ್ಲಿಸುತ್ತಿದ್ದರು. ಅವನಿಗೆ ಬದಲಿ ಎನ್ನುತ್ತಿದ್ದರು. ನಾವು ಆ ಹುಡುಗಿಗೂ ಬದಲಿ ಎಂದೇ ಹೆಸರಿಟ್ಟೆವು. ನನಗೆ ಅವಳ ಮೇಲೆ ಪ್ರಾಣ. ಸೊಂಟಕ್ಕೆ ಕತ್ತಿ ಕಟ್ಟಿಕೊಂಡೇ ಅವಳು ಒಂದು ಕಡೆ ಹೊಳೆಯ ದಂಡೆಯಲ್ಲಿ ಕೂತು ತನ್ನ ಜಡೆ ಬಿಚ್ಚಿ ಹಿಂಡಿಕೊಳ್ಳುವ ಚಿತ್ರವಿತ್ತು. ಮರದ ಮರೆಯಿಂದ ರಾಜಕುಮಾರಿ ಅದನ್ನು ನೋಡುತ್ತಾಳೆ. ನೋಡಿಯೂ ಓಡಿಹೋಗುವುದಿಲ್ಲ. ಆ ವಾರದ ಕಥೆ ಅಲ್ಲಿಗೆ ನಿಂತಿತ್ತು. ಮುಂದಿನ ಸಂಚಿಕೆ ಗುಡ್ಡೆಯಲ್ಲಿ ಇರಲಿಲ್ಲ.

ಅದಕ್ಕಾಗಿ ನಾವು ಎಷ್ಟು ಅಲೆದೆವೋ ಲೆಕ್ಕವಿಲ್ಲ. ನಿಗಡಿಯಿಂದ ಕ್ಯಾಂಪಿಗೆ ಬಸ್ಸಿನಲ್ಲಿ ಹೋಗಿಬರಲು ಅರ್ಧ ದಿನ ಬೇಕು. ಮನೆಯಲ್ಲಿ ಗೈಡ್ ತರುತ್ತೇವೆ ಎಂದು ಸುಳ್ಳು ಹೇಳುತ್ತಿದ್ದೆವು. ಮೊದಲ ನಿಲ್ದಾಣದಲ್ಲಿ ಹತ್ತಿದವಳು ಕಿಟಕಿಯ ಪಕ್ಕ ಕೂತು ಪಕ್ಕದ ಸೀಟಿಗೆ ಕರವಸ್ತ್ರ ಹಾಸಿ ಜಾಗ ಹಿಡಿಯಬೇಕು, ಇನ್ನೊಬ್ಬಳು ಮುಂದಿನ ನಿಲ್ದಾಣದಲ್ಲಿ ಹತ್ತಬೇಕು. ಇಬ್ಬರೂ ಕೂಡಿ ಹೊರಟರೆ ಕಾಲೋನಿಯವರು ನೂರೆಂಟು ಕೇಳುತ್ತಿದ್ದರು. ಜಾಗ ಹಿಡಿಯುವವಳು ಯಾವಾಗಲೂ ಅವಳೇ. ಬಸ್ಸಿನವರ ಜೊತೆ ಎಷ್ಟು ಜಗಳವಾದರೂ ಸರಿ, ನಾನು ಬರುವತನಕ ಆ ಕರವಸ್ತ್ರ ತೆಗೆಯುತ್ತಿರಲಿಲ್ಲ. ಜಾಗ ಹಿಡಿದು ಕಾದ ಆ ಹುಡುಗಿ ಸುಳ್ಳಲ್ಲ. ಅದನ್ನು ಈಗಲೂ ಒಪ್ಪುತ್ತೇನೆ.

ಕೊನೆಯ ಸಂಚಿಕೆ ಸಿಕ್ಕಿದ್ದು ನಾವು ಕಾಲೇಜು ಸೇರಿದ ಮೇಲೆ. ನಾನು ಟಾಕಿಯ ಹಿಂದೆ ಕೂತು ಉಸಿರು ಬಿಗಿಹಿಡಿದು ಓದಿದೆ. ರಾಜಕುಮಾರನಿಗೆ ವಾಸಿಯಾಗುತ್ತದೆ. ಬದಲಿಯವಳು ಅವನ ಬಟ್ಟೆ, ಕುದುರೆ, ಕತ್ತಿ ಎಲ್ಲ ಮರಳಿಸುತ್ತಾಳೆ. ರಾಜಕುಮಾರಿ ಎರಡು ಚೌಕಟ್ಟು ಬೆರಗಾಗಿ, ಮೂರನೆಯ ಚೌಕಟ್ಟಿನಲ್ಲಿ ನಕ್ಕುಬಿಡುತ್ತಾಳೆ. ಮದುವೆಯಾಗುತ್ತದೆ. ಬದಲಿಯವಳಿಗೆ ಒಂದು ಗುಲಾಬಿ ಬಣ್ಣದ ಗೌನು ತೊಡಿಸಿ, ಹೂವಿನ ಬುಟ್ಟಿ ಕೊಟ್ಟು ಮೂಲೆಯಲ್ಲಿ ನಿಲ್ಲಿಸಿದ್ದಾರೆ. ಅವಳು ಏನು ಅಂದಳು, ಏನು ಅಂದುಕೊಂಡಳು, ಒಂದಕ್ಷರವೂ ಇಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಮೈಯೆಲ್ಲ ಉರಿದು ಪುಸ್ತಕವನ್ನು ಟಾಕಿಯ ನೀರಿಗೇ ಎಸೆಯಲು ಹೋದೆ. ಅವಳು ಕೈ ಹಿಡಿದು ತಡೆದಳು. ಆ ಚಿತ್ರವನ್ನು ಹತ್ತಿರ ಹಿಡಿದು ನೋಡಿ, "ಗೌನಿನಾಗ ಚಂದ ಕಾಣಸ್ತಾಳಲ್ಲ?" ಎಂದಳು. ನಾನು ಅಂದು ಅವಳ ಜೊತೆ ಮಾತಾಡದೆ ಕೆಳಗಿಳಿದು ಬಂದೆ. ಸಂಜೆ ಹೊತ್ತಿಗೆ ಸಿಟ್ಟು ಇಳಿದಿತ್ತು. ಅಷ್ಟಕ್ಕೇ ಇಳಿಯಬಾರದಾಗಿತ್ತು.

ಡಿಗ್ರಿಯ ಕೊನೆಯ ವರ್ಷದ ಹೊತ್ತಿಗೆ ನಮ್ಮಿಬ್ಬರ ನಡುವೆ ಇದ್ದದ್ದು ಗೆಳೆತನ ಮಾತ್ರ ಅಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಒಂದು ಒಡಪಿನಿಂದ ಎನ್ನಬೇಕು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ, ಎರಡು ಸಾಲಿನ ಪದ್ಯದಲ್ಲಿ ಪೋಣಿಸಿ ಹೇಳಬೇಕು. ಮದುವೆ, ಕುಬಸ, ಆರತಿ ಎಲ್ಲಿ ಹೋದರೂ ಹೆಂಗಸರು ದಾರಿಗಡ್ಡ ನಿಂತು ಹೆಸರು ಕೇಳುತ್ತಾರೆ. ಒಡಪು ಕಟ್ಟುವುದರಲ್ಲಿ ನಾನು ಕಾಲೋನಿಗೆಲ್ಲ ಹೆಸರುವಾಸಿ. ಮದುವೆ ನಿಶ್ಚಯವಾದ ಮರಾಠಿ ಹುಡುಗಿಯರು ಕೂಡ ಬಂದು ಕಟ್ಟಿಸಿಕೊಂಡು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಅವಳು, "ಎಲ್ಲಾರಿಗೂ ಕಟ್ಟತಿ. ನನಗೊಂದು ಕಟ್ಟು" ಎಂದಳು. "ಯಾರ ಹೆಸರಿಗೆ?" ಎಂದೆ. ಅವಳು ನನ್ನ ಎದೆಯ ಮೇಲೆ ಬೆರಳಿಟ್ಟಳು. ಆಗ ಕಟ್ಟಿದ್ದು ಇದು. ಹೆಸರಿನ ಜಾಗವನ್ನು ಇಲ್ಲಿ ಖಾಲಿ ಬಿಟ್ಟಿದ್ದೇನೆ.

ನಿಗಡಿ ಬಸ್ಸಿನಾಗ ಕಿಡಕಿ ಬಾಜೂಕ ಕುಂತೇನಿ,
… ಬರೂತನಕ ಬಾಜೂ ಸೀಟಿಗೆ ರುಮಾಲ ಹಾಸೇನಿ.

ಅವಳು ನನ್ನ ಹೆಸರು ಸೇರಿಸಿ ಅದನ್ನು ಹೇಳಿದಳು. ನಾಚಿ, ತಲೆ ತಗ್ಗಿಸಿ, ಹೊಸ ಹೆಂಡತಿಯರು ಹೇಳುವ ಹಾಗೆಯೇ ಹೇಳಿದಳು. ಇನ್ನೊಂದು ಸಲ ಹೇಳು ಎಂದೆ, ಹೇಳಿದಳು. ನನ್ನ ಹೆಸರು ಅಷ್ಟು ಚೆನ್ನಾಗಿದೆ ಎಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ. ಕೈ ಹಿಡಿದುಕೊಂಡು ಕತ್ತಲಾಗುವತನಕ ಕೂತಿದ್ದೆವು.

ಕೂದಲಿನ ವಿಷಯ ಹೇಳುವುದು ಬಿಟ್ಟೆ. ಜ್ವರದ ವರ್ಷ ಕತ್ತರಿಸಿದ ಕೂದಲು ಮುಂದಿನ ವರ್ಷಕ್ಕೇ ಸೊಂಪಾಗಿ ಬರತೊಡಗಿತ್ತು. ಅವಳು, "ಬೆಳಸಬ್ಯಾಡ, ಹಿಂಗ ಇರ್ಲಿ, ನೀ ನನ್ನ ರಾಜಕುಮಾರ" ಎಂದಳು. ಹಾಗಾಗಿ ನಾನು ವರ್ಷ ವರ್ಷ ಕತ್ತರಿಸಿಕೊಂಡು ಬಂದೆ. ಜೋರಾಗಿ ನಡೆದೆ, ಅವಳ ಚೀಲ ಹೊತ್ತೆ, ಚುಡಾಯಿಸುವ ಹುಡುಗರ ಜೊತೆ ಜಗಳ ಕಾದೆ, ಮಲ್ಲಿಗೆ ಮುಡಿಯಲಿಲ್ಲ. ಮಲ್ಲಿಗೆಯೆಂದರೆ ನನಗೆ ಪ್ರಾಣ. ಬಳೆಯೂ ಇಷ್ಟ. ಆದರೆ ನಾವು ಓದಿದ ಕಥೆಗಳಲ್ಲಿ ಪ್ರೀತಿಗೆ ಇದ್ದದ್ದು ಎರಡೇ ಜಾಗ. ಒಂದರಲ್ಲಿ ಅವಳು ಮೊದಲೇ ಕೂತುಬಿಟ್ಟಿದ್ದಳು. ಪಕ್ಕದಲ್ಲಿರಬೇಕೆಂದರೆ ಉಳಿದದ್ದನ್ನೇ ನಾನು ತೆಗೆದುಕೊಳ್ಳಬೇಕಾಗಿತ್ತು.

ಎರಡು ಸಾವಿರದ ಸುಮಾರಿಗೆ ನಿಗಡಿಯಲ್ಲೂ ಸೈಬರ್ ಕೆಫೆಗಳು ಬಂದವು. ಪರದೆ ಕಟ್ಟಿದ ಒಂದು ಗೂಡಿನಲ್ಲಿ ಕೂತು ನಾನು ಲೆಸ್ಬಿಯನ್ ಎಂಬ ಶಬ್ದ ಓದಿದೆ. ಕೊಳಕು ಪುಟಗಳೂ ಬಂದವು, ಮುಚ್ಚಿದೆ. ಎಲ್ಲೋ ಒಂದು ಕಡೆ ಒಬ್ಬ ನಡುವಯಸ್ಸಿನ ಹೆಂಗಸು ತನ್ನ ಬದುಕಿನ ಬಗ್ಗೆ ನೆಟ್ಟಗೆ, ಸರಳವಾಗಿ ಬರೆದಿದ್ದಳು. ಇಬ್ಬರೂ ಹೆಂಗಸರೇ, ಇಬ್ಬರಿಗೂ ಉದ್ದ ಕೂದಲು, ಇಬ್ಬರೂ ಸೇರಿ ತೋಟ ಮಾಡುತ್ತಾರೆ. ಅದರಲ್ಲಿ ಯಾರೂ ರಾಜಕುಮಾರ ಇರಲಿಲ್ಲ. ನನಗೆ ಅಲ್ಲಿಯೇ ಅಳು ಬಂತು. ಮರುದಿನ ಓಡಿಹೋಗಿ ಅವಳಿಗೆ ಹೇಳಿದೆ. "ನಮ್ಮಂಥಾವರಿಗೆ ಒಂದು ಹೆಸರು ಅದ" ಎಂದೆ. ಅವಳು ಆ ಶಬ್ದ ಕೇಳಿ ಮುಖ ಕಿವುಚಿದಳು. "ಥೂ, ಹಂಗೆಲ್ಲ ಅನಬ್ಯಾಡ. ನಾ ಅಂಥಾಕಿ ಅಲ್ಲ. ನೀ ನನ್ನ ಹುಡುಗ, ಅಷ್ಟ." ನಾನು ಹುಡುಗ ಅಲ್ಲವಲ್ಲೇ ಎಂದರೆ ಕಿವಿ ಮುಚ್ಚಿಕೊಂಡಳು.

ಅಂದಿನಿಂದ ನಾನು ಕೂದಲು ಬಿಟ್ಟೆ. ಅದು ಹೆಗಲಿಗೆ ಬಂದ ದಿನ ಮಲ್ಲಿಗೆ ಮುಡಿದು, ಅವ್ವನ ಹಸಿರು ಇಳಕಲ್ ಸೀರೆ ಉಟ್ಟು ಅವಳ ಮನೆಗೆ ಹೋದೆ. ಚೆನ್ನಾಗಿ ಕಾಣುತ್ತಿದ್ದೆ, ಅಷ್ಟು ನನಗೂ ಗೊತ್ತಾಗುತ್ತದೆ. ಅವಳ ತಾಯಿ, ನಾನು ಕಾಕು ಎನ್ನುತ್ತಿದ್ದವರು, "ಅಯ್ಯ, ಇಷ್ಟ ಚಂದ ಹುಡುಗಿ ಎಲ್ಲಿ ಇಟ್ಟಿದ್ದಿವಾ ಇಷ್ಟ ದಿನಾ!" ಎಂದರು. ಅವಳು ಬಾಗಿಲಿಗೆ ಬಂದು ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಈಗ ನೀನೂ ನನ್ನಂಗ ಕಾಣಸ್ತಿ" ಎಂದಳು. ಹೊಗಳಿದಳೋ ದೂರಿದಳೋ ತಿಳಿಯದೆ ನಾನು ನಕ್ಕೆ. ದೂರಿದ್ದೇ ಇರಬೇಕು.

ಆದರೂ ಮನೆ ಮಾಡುವ ಯೋಜನೆ ನಿಂತಿರಲಿಲ್ಲ. ನಾನು ಒಂದು ಆಫೀಸಿನ ಲೆಕ್ಕಪತ್ರ ವಿಭಾಗಕ್ಕೆ ಸೇರಿದ್ದೆ, ಅವಳು ಬಾಲವಾಡಿಯಲ್ಲಿ ಕಲಿಸುತ್ತಿದ್ದಳು. ಇಬ್ಬರೂ ಕೂಡಿ ಒಂದು ಕೋಣೆ ಹಿಡಿಯುವುದು, ಓಡಾಟ ದೂರವಾಗುತ್ತದೆ ಎಂದು ಮನೆಯವರಿಗೆ ಹೇಳುವುದು, ಹಾಗೇ ಇದ್ದುಬಿಡುವುದು. ಒಂದೇ ಮನೆಯಲ್ಲಿ ಬಾಳುವುದು, ಬೇರೇನೂ ಬೇಡವಾಗಿತ್ತು ನನಗೆ. ಕ್ಯಾಂಪಿನ ಒಂದು ಹಳೆಯ ಕಟ್ಟಡದ ಹಿಂಭಾಗದಲ್ಲಿ ಕೋಣೆಯೂ ಸಿಕ್ಕಿತು. ಒಡತಿ ವಯಸ್ಸಾದವಳು. ಇಬ್ಬರೂ ಹುಡುಗಿಯರೇ ಆದದ್ದು ಒಳ್ಳೆಯದಾಯಿತು, ಗಂಡಸರ ಕಾಟ ಇರುವುದಿಲ್ಲ ಎಂದಳು. ಒಲೆ ಎಲ್ಲಿಡುವುದು ಎಂದು ನಾವಿಬ್ಬರೂ ಅಲ್ಲಿ ನಿಂತು ವಾದ ಮಾಡಿದೆವು. ಕಿಟಕಿಗೆ ಪರದೆ ಯಾವ ಬಣ್ಣದ್ದಿರಬೇಕು ಎಂದು ಅವಳೇ ಹೇಳಿದಳು. ದೀಪಾವಳಿ ಮುಗಿದ ಮೇಲೆ ಹೋಗುವುದು ಎಂದಾಯಿತು.

ದೀಪಾವಳಿಗೆ ಮುಂಚೆ ಕಾಕು ನಮ್ಮ ಮನೆಗೆ ಪೇಡೆಯ ಪೊಟ್ಟಣ ಹಿಡಿದು ಬಂದರು. ನಾನು ಬಾಲ್ಕನಿಯ ಹಗ್ಗಕ್ಕೆ ಬಟ್ಟೆ ಹರವುತ್ತಿದ್ದೆ. "ನಿನ್ನ ಗೆಳತೀದು ಗಟ್ಟಿ ಆತು ನೋಡವಾ. ಹುಡುಗ ಬೆಳಗಾವ್ಯಾಗ ಎಂಜಿನಿಯರ. ಮನಿ ಭಾಳ ಛಲೋ ಅದ" ಎಂದರು. ಅವ್ವ ಒಂದು ಪೇಡೆಯನ್ನು ನನ್ನ ಬಾಯಿಗೇ ಇಟ್ಟಳು. ಉಗುಳುವಂತಿಲ್ಲ, ನುಂಗುವಂತಿಲ್ಲ. ಹೆಣ್ಣು ನೋಡುವ ಶಾಸ್ತ್ರ ಆಗಿ ಆಗಲೇ ಹದಿನೈದು ದಿನವಾಗಿತ್ತಂತೆ. ಅಂದರೆ ನಾವು ಪರದೆಯ ಬಣ್ಣ ಮಾತಾಡುತ್ತಿದ್ದಾಗ ಅವನು ಬಂದು ನೋಡಿ ಹೋಗಿದ್ದ.

ಸಂಜೆ ಅವಳನ್ನು ತಾರಸಿಗೆ ಕರೆದೆ.

"ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಅಳತಿದ್ದಿ."

"ಈಗ ನಗಾಕತ್ತೇನೇನು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ಅಪ್ಪ ಕೇಳಿದ್ರು. ನಾ ಹೂಂ ಅಂದೆ. ಮತ್ತೇನ ಅನಬೇಕಿತ್ತು?" ಎಂದಳು. ಬೇಡ ಎನ್ನಬಹುದಿತ್ತು. ಸ್ವಲ್ಪ ಕಾಲ ತಡೆಯಿರಿ ಎನ್ನಬಹುದಿತ್ತು. ಕಡೆಗೆ ನನಗೆ ಒಂದು ಮಾತು ಹೇಳಬಹುದಿತ್ತು. ಯಾರೂ ಅವಳನ್ನು ಹೊಡೆದು ಬಡಿದು ಒಪ್ಪಿಸಿರಲಿಲ್ಲ. ಅವಳ ಅಪ್ಪ ಆ ಥರದವರೂ ಅಲ್ಲ. ಹಾಗಿದ್ದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಕೋಣೆಯ ಒಡತಿಗೆ ನಾವು ಬರುವುದಿಲ್ಲವೆಂದು ಹೇಳಲು ಕ್ಯಾಂಪಿಗೆ ನಾನೊಬ್ಬಳೇ ಹೋದೆ.

ಮದುವೆಗೆ ಹೋಗಬಾರದೆಂದಿದ್ದೆ. ಹೋಗದಿದ್ದರೆ ಕಾಲೋನಿಯೆಲ್ಲ ಕಾರಣ ಕೇಳುತ್ತದೆ. ಚಿಂಚವಾಡದ ಒಂದು ಮಂಗಲ ಕಾರ್ಯಾಲಯದಲ್ಲಿ ಮದುವೆ. ಅಕ್ಷತೆ ಬಿದ್ದದ್ದನ್ನು ಹಿಂದಿನ ಸಾಲಿನಲ್ಲಿ ನಿಂತು ನೋಡಿದೆ, ಅದನ್ನು ಹೇಗೋ ತಡೆದುಕೊಂಡೆ. ನನ್ನನ್ನು ಕೊಂದದ್ದು ಭೂಮದ ಊಟ. ಹೊಸ ಗಂಡ ಹೆಂಡತಿಯನ್ನು ಬೀಗರ ನಡುವೆ ಕೂರಿಸಿ, ಒಬ್ಬರಿಗೊಬ್ಬರು ತುತ್ತು ಕೊಡುವ ಮುಂಚೆ ಹೆಸರು ಹೇಳಿಸುತ್ತಾರೆ. ಮೊದಲು ಅವನು ಏನೋ ತೊದಲಿ ಹೇಳಿದ. ಆಮೇಲೆ ಗಂಡಿನ ಕಡೆಯ ಹೆಂಗಸರೆಲ್ಲ ಇವಳನ್ನು ಸುತ್ತುವರಿದು, "ಹೇಳವಾ, ಗಟ್ಟಿಯಾಗಿ ಹೇಳು" ಎಂದು ಕೂಗಿದರು. ಅವಳು ತಲೆ ತಗ್ಗಿಸಿ, ನಾಚಿ, ಶುರು ಮಾಡಿದಳು.

"ನಿಗಡಿ ಬಸ್ಸಿನಾಗ ಕಿಡಕಿ ಬಾಜೂಕ ಕುಂತೇನಿ…"

ನನ್ನ ಕೈಯಲ್ಲಿ ಪಾಯಸದ ಪಾತ್ರೆ ಇತ್ತು. ಬಡಿಸಲು ನಿಂತಿದ್ದೆ. ನನ್ನ ಹೆಸರಿದ್ದ ಜಾಗಕ್ಕೆ ಅವನ ಹೆಸರು ಬಂದು ಕೂತಿತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಾನು ಹೊರಗೆ ಬಂದೆ. ಹೋ ಎಂದು ಚಪ್ಪಾಳೆ. ಇಂಥ ಒಡಪು ನಾವು ಕೇಳಿಯೇ ಇಲ್ಲ ಎಂದು ಎಲ್ಲರಿಗೂ ನಗು. ಆ ಮನುಷ್ಯ ಹುಟ್ಟಿ ನಿಗಡಿಯ ಬಸ್ಸು ಹತ್ತಿದವನಲ್ಲ. ಅವನ ಸೋದರತ್ತೆ, "ಯಾರವಾ ಕಟ್ಟಿಕೊಟ್ಟಾಕಿ?" ಎಂದು ಕೇಳಿದಳು. ಅವಳು ತಲೆಯೆತ್ತಿ, ಗಲ್ಲದಿಂದ ನನ್ನ ಕಡೆಗೆ ತೋರಿಸಿ, "ಆಕಿ, ನನ್ನ ಗೆಳತಿ" ಎಂದಳು. ಕೂಡಲೇ ನನ್ನನ್ನು ಕರೆದು, ಕುಂಕುಮ ಹಚ್ಚಿ, ಒಂದು ಖಣ ಕೊಟ್ಟರು. ರವಿಕೆ ಹೊಲಿಸಿಕೋ ಎಂದರು. ಉಂಡೂ ಹೋದ, ಕೊಂಡೂ ಹೋದ ಎನ್ನುತ್ತಾರಲ್ಲ, ಅವಳದು ಹಾಗಾಯಿತು. ಬೇರೆ ಒಂದು ಒಡಪು ಕೇಳಿದ್ದರೆ ಹೊಸದು ಕಟ್ಟಿ ಕೊಡುತ್ತಿದ್ದೆ, ದೇವರಾಣೆ. ಅಳುತ್ತಾ ಆದರೂ ಕಟ್ಟಿ ಕೊಡುತ್ತಿದ್ದೆ.

ಮುಂದಿನ ಶ್ರಾವಣದಲ್ಲಿ ಅವಳು ಪಂಚಮಿಗೆಂದು ತವರಿಗೆ ಬಂದಳು. ಮದುವೆಯಾದ ವರ್ಷ ಹೆಣ್ಣುಮಕ್ಕಳು ತವರಿಗೆ ಬಂದು ಉಂಡಿ ತಿಂದು ಜೋಕಾಲಿ ಆಡುವುದು ನಮ್ಮಲ್ಲಿ ರೂಢಿ. ನನಗೆ ಹೇಳಿ ಕಳಿಸಿದಳು. ಹೋಗಬಾರದಿತ್ತು, ಆದರೆ ಹೋದೆ. ಒಂಬತ್ತು ತಿಂಗಳಲ್ಲಿ ನಾನು ಅವಳಿಗೆ ಹೇಳಬೇಕೆಂದು ಕಟ್ಟಿಟ್ಟುಕೊಂಡ ಮಾತೆಲ್ಲ ಸವೆದು ಒಂದೇ ಉಳಿದಿತ್ತು. ಅದು ಆಟ ಆಗಿರಲಿಲ್ಲ ಎಂದು ಅವಳ ಬಾಯಲ್ಲಿ ಒಮ್ಮೆ ಕೇಳಬೇಕಾಗಿತ್ತು. ಸಂಸಾರ ಬಿಟ್ಟು ಬಾ ಎಂದು ಕೇಳಲು ನಾನೇನೂ ಹುಚ್ಚಿಯಲ್ಲ.

ಕಾಕು ಅಡುಗೆಮನೆಯಲ್ಲಿ ಚಕ್ಕುಲಿ ಕರಿಯುತ್ತಿದ್ದರು. ನಾವಿಬ್ಬರೂ ಒಳಕೋಣೆಯ ಮಂಚದ ಮೇಲೆ ಕೂತೆವು. ಅವಳು ಸ್ವಲ್ಪ ದಪ್ಪಗಾಗಿದ್ದಳು, ಚೆನ್ನಾಗಿದ್ದಳು. ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, "ನಿನಗೊಂದು ಹೇಳಬೇಕು. ಸಿಟ್ಟ ಮಾಡಬ್ಯಾಡ" ಎಂದಳು. ನಾನು ಕಾಯುತ್ತಿದ್ದ ಮಾತೇ ಇರಬೇಕು ಎಂದುಕೊಂಡೆ.

"ನಮ್ಮ ಮೈದುನ ಅದಾನಲ್ಲ, ಅವಗ ನಿನ್ನ ಫೋಟೋ ತೋರಿಸೇನಿ. ಹೂಂ ಅಂದಾನ. ನಮ್ಮ ಅತ್ತಿನೂ ಒಪ್ಪ್ಯಾರ. ನೀ ಬಂದ್ರ ನನ್ನ ನೆಗೆಣ್ಣಿ ಆಗ್ತಿ. ಒಂದ ಮನಿ, ಒಂದ ಅಡಗಿಮನಿ. ಸಾಯೂತನಕ ಕೂಡೇ ಇರೂದು. ನಾವ ಕೇಳಿಕೊಂಡಿದ್ದು ಇದನ್ನ ಅಲ್ಲೇನು?"

ಅವ್ವನ ಮೇಲಾಣೆ, ಅವಳ ಕಣ್ಣುಗಳು ಹೊಳೆಯುತ್ತಿದ್ದವು. ಅದು ಕನ್ನಡಿಯ ಮುಂದೆ ಕಲಿತ ಹೊಳಪಲ್ಲ. ಅವಳು ತಿಂಗಳುಗಟ್ಟಲೆ ಯೋಚಿಸಿ, ಅತ್ತೆಯನ್ನು ಒಲಿಸಿ, ಕೊಟ್ಟ ಮಾತನ್ನು ನಡೆಸಲು ಒಂದು ದಾರಿ ಹುಡುಕಿದ್ದಳು. ಅಣ್ಣನಿಗೆ ಅವಳು, ತಮ್ಮನಿಗೆ ನಾನು. ಹಗಲೆಲ್ಲ ಇಬ್ಬರೂ ಕೂಡಿ ರೊಟ್ಟಿ ಬಡಿಯುವುದು, ರಾತ್ರಿಯಾದರೆ ಎರಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ಗುಲಾಬಿ ಗೌನೇ ವಾಸಿ ಅನ್ನಿಸಿತು.

"ಮತ್ತ ಅಂವಾ, ನಿನ್ನ ಮೈದುನ, ಅಂವಾ ಏನ ಮಾಡಬೇಕು ಇದರಾಗ?" ಎಂದೆ.

"ಅಂವಾ ಭಾಳ ಶಾಂತ ಹುಡುಗ. ಏನೂ ಅನ್ನಾಂಗಿಲ್ಲ."

"ನಾ ನಿನ್ನ ನೆಗೆಣ್ಣಿ ಆಗಬೇಕಂತ ಇರಲಿಲ್ಲ."

ಅವಳು ನನ್ನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. "ನೀ ಗಂಡಸ ಆಗಿದ್ರ ನಿನ್ನನ್ನ ಮಾಡ್ಕೋತಿದ್ದೆ. ದೇವರಾಣಿ. ಯಾರ ಮಾತೂ ಕೇಳ್ತಿರಲಿಲ್ಲ" ಎಂದಳು.

ಬಹಳ ಹೆಂಗಸರು ಗೆಳತಿಯರಿಗೆ ಈ ಮಾತು ಹೇಳುತ್ತಾರೆ, ಪ್ರೀತಿಯಿಂದಲೇ ಹೇಳುತ್ತಾರೆ. ನನಗೆ ಮಾತ್ರ ಅಷ್ಟು ವರ್ಷ ನಡೆದದ್ದೆಲ್ಲ ಅದರಲ್ಲಿ ಸ್ಪಷ್ಟವಾಗಿ ಕಂಡುಬಿಟ್ಟಿತು. ಅವಳು ಪ್ರೀತಿಸಿದ್ದು ನನ್ನನ್ನಲ್ಲ. ಕಾಡಿಗೆಯ ಮೀಸೆಯನ್ನು, ಗಿಡ್ಡ ಕೂದಲನ್ನು, ಚೀಲ ಹೊರುವ ಕೈಯನ್ನು. ಅದಕ್ಕೆ ಕಾಯಂ ಮನುಷ್ಯ ಬಂದ ಮೇಲೆ ನನ್ನದೇನು ಕೆಲಸ? ಸಿಟ್ಟು ಬಂತು. ಆದರೂ ಮೆಲ್ಲಗೇ ಹೇಳಿದೆ.

"ನಾ ಗಂಡಸ ಅಲ್ಲ. ಗಂಡಸ ಆಗೂ ಮನಸ್ಸೂ ನನಗ ಇಲ್ಲ. ನೀ ಹೆಣ್ಣಾಗಿದ್ದಿ ಅಂತನ ನನಗ ಬೇಕಾಗಿದ್ದಿ. ನಾ ಹೆಣ್ಣಾಗೇ ನಿನ್ನ ಪ್ರೀತಿ ಮಾಡೇನಿ. ನೀ ಸುಖವಾಗಿ ಸಂಸಾರ ಮಾಡು, ನಾ ಬ್ಯಾಡ ಅನ್ನಾಂಗಿಲ್ಲ. ನನಗ ಒಂದ ಸಲ ಹೇಳು, ಅದು ಆಟ ಅಲ್ಲಾಗಿತ್ತು ಅಂತ. ಯಾರ ಮುಂದೂ ಹೇಳಬ್ಯಾಡ. ನನ್ನ ಮುಂದ ಹೇಳು."

ಅವಳು ನನ್ನನ್ನೇ ನೋಡಿದಳು. ಬಾಯಿ ತೆರೆದಳು. ಅವಳು ಹೇಳಿಬಿಡುತ್ತಾಳೆ ಎಂದು ನಾನು ನಂಬಿದೆ, ಈಗಲೂ ಆ ಗಳಿಗೆಯ ಬಗ್ಗೆ ನನಗೆ ಹಾಗೇ ಅನ್ನಿಸುತ್ತದೆ. ಅಷ್ಟರಲ್ಲಿ ಅಡುಗೆಮನೆಯಿಂದ ಕಾಕು ಕೂಗಿದರು.

"ಏನಂತಾಳ ಹುಡುಗಿ? ಹೂಂ ಅಂದಳೇನು?"

ಅಂದರೆ ಕಾಕುವಿಗೂ ಮೊದಲೇ ಗೊತ್ತಿತ್ತು. ಅವಳು ನನ್ನ ಕೈ ಬಿಟ್ಟಳು. ಬಾಗಿಲ ಕಡೆಗೆ ತಿರುಗಿ, ತಾರಸಿಯಲ್ಲಿ ಬಟ್ಟೆ ಒಣಗಿತು ಎಂದು ಹೇಳುವ ದನಿಯಲ್ಲಿ ಹೇಳಿದಳು.

"ಒಲ್ಲೆ ಅಂತಾಳವ್ವಾ."

"ಯಾಕಂತ?"

"ಹುಡುಗ ಕುಳ್ಳ ಅದಾನಂತ."

ಕಾಕು ಜೋರಾಗಿ ನಕ್ಕರು. "ಅಯ್ಯ, ಇಷ್ಟನ? ನಮ್ಮ ಹುಡುಗಿ ಮಹಾ ಚೂಸಿ ಆಗ್ಯಾಳಲ್ಲ!" ಎನ್ನುತ್ತಾ ಬಿಸಿ ಚಕ್ಕುಲಿಯ ತಟ್ಟೆ ಹಿಡಿದು ಕೋಣೆಗೆ ಬಂದರು. ಅವಳೂ ತಾಯಿಯ ಜೊತೆಗೆ ನಕ್ಕಳು. ತಟ್ಟೆಯನ್ನು ತೆಗೆದುಕೊಂಡು ಮೊದಲು ನನ್ನ ಮುಂದೆ ಹಿಡಿದಳು.

ಅವಳು ನಿನ್ನನ್ನು ಕಾಪಾಡಿದಳು ಎಂದು ಮುಂದೊಮ್ಮೆ ಇದನ್ನೆಲ್ಲ ಕೇಳಿದ ಒಬ್ಬರು ನನಗೆ ಹೇಳಿದ್ದಾರೆ. ಇರಬಹುದು. ನನಗೆ ಬೇಕಾಗಿದ್ದದ್ದು ಕಾಪಾಡುವುದಲ್ಲ. ಆ ಹುಡುಗ ಮದುವೆಯಲ್ಲಿ ಇದ್ದಿರಬೇಕು, ನಾನು ಕಣ್ಣೆತ್ತಿಯೂ ನೋಡಿರಲಿಲ್ಲ, ಅವನು ಕುಳ್ಳನೋ ಉದ್ದನೋ ಇವತ್ತಿಗೂ ಗೊತ್ತಿಲ್ಲ. ಸಂಜೆಯ ಹೊತ್ತಿಗೆ ಸುದ್ದಿ ನಮ್ಮ ಮನೆ ಮುಟ್ಟಿತು, ಮರುದಿನಕ್ಕೆ ಕಾಲೋನಿಯೆಲ್ಲ ಆಯಿತು. ಅಂದಿನಿಂದ ಎಷ್ಟೋ ವರ್ಷಗಳತನಕ, ನಮ್ಮ ಓಣಿಯ ಹೆಂಗಸರು ಬಹಳ ಕಾಳಜಿಯಿಂದ ನನಗೆ ಎತ್ತರದ ಗಂಡುಗಳನ್ನೇ ಹುಡುಕಿ ತಂದರು.